ಸವಳು ನೀರಿಗೆ ಫ್ರಂಟ್ ಲೋಡ್ ವಾಷಿಂಗ್ ಮಷೀನು ತಾಳುತ್ತದೆಯೇ?

ಪ್ರಶ್ನೆ: ನಾವಿರುವುದು ಬಳ್ಳಾರಿ–ತೋರಣಗಲ್ಲು ರಸ್ತೆಯ ಒಂದು ಊರಲ್ಲಿ. ಮನೆಯಲ್ಲಿ ಐದು ಜನ. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಮನೆಯವರು ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿದ್ದಾರೆ. ಅವರ ಬಟ್ಟೆ ಕೆಂಪು ಧೂಳು, ಕಪ್ಪು ಮಸಿ ಎರಡೂ ಹೊತ್ತು ಬರುತ್ತದೆ. ಎಂಟು ವರ್ಷದ ಸೆಮಿ ಆಟೊಮ್ಯಾಟಿಕ್ ಮಷೀನು ಇದೆ. ಅದನ್ನು ಕೊಟ್ಟು ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ತರೋಣ ಅಂತ ಅಂಗಡಿಗೆ ಹೋದೆವು. 9 ಕೆಜಿ, 1400 ಆರ್‌ಪಿಎಂ, ಸ್ಟೀಮ್ ಇರುವ 42 ಸಾವಿರದ್ದನ್ನೇ ತೋರಿಸಿದರು. ನಮ್ಮ ಲೆಕ್ಕ 35 ಸಾವಿರದೊಳಗೆ. ಹಳೆಯದಕ್ಕೆ 1,500 ಕೊಡುತ್ತಾರಂತೆ. ನಮ್ಮದು ಬೋರ್ ನೀರು, ಬಕೆಟ್ಟು ತಂಬಿಗೆ ಎಲ್ಲದಕ್ಕೂ ಬಿಳಿ ಪದರು ಕಟ್ಟುತ್ತದೆ. ಈ ನೀರಿಗೆ ಫ್ರಂಟ್ ಲೋಡ್ ಎರಡೇ ವರ್ಷ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಗಂಗಾವತಿಯಲ್ಲಿರುವ ನಾದಿನಿಯ ಮಷೀನು ವಾಸನೆ ಹೊಡೆಯುತ್ತದೆ. ಅಂಗಡಿಯಲ್ಲಿ ತೋರಿಸಿದ ಮಷೀನಿನ ಹಿಂದೆ 2000 ವ್ಯಾಟ್ ಅಂತ ಬರೆದಿದೆ. ನಮ್ಮ ಗೃಹಜ್ಯೋತಿ ಮಿತಿ 112 ಯೂನಿಟ್, ಈಗಲೇ 100 ಉರಿಯುತ್ತದೆ. ಸೊನ್ನೆ ಬಿಲ್ ಹೋಗಿಬಿಡುತ್ತದಾ? ಇನ್ವರ್ಟರ್ ಮಷೀನು ಅಂದರೆ ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಓಡುತ್ತದಾ? ಅತ್ತೆಯವರ ಕೌದಿ ಹಾಕಬಹುದಾ?

ಉತ್ತರ: ಅಕ್ಕ, ಅಂಗಡಿಯವರು ನಿಮಗೆ ಕಿಲೋ ಹೇಳಿದ್ದಾರೆ, ಆರ್‌ಪಿಎಂ ಹೇಳಿದ್ದಾರೆ, ಸ್ಟೀಮ್ ಹೇಳಿದ್ದಾರೆ. ನಿಮ್ಮ ಮನೆಯ ನೀರು ಹೇಗಿದೆ ಅಂತ ಮಾತ್ರ ಕೇಳಿಲ್ಲ. 20 ವರ್ಷಕ್ಕೂ ಮೇಲಾಯಿತು, ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ವಾಷಿಂಗ್ ಮಷೀನು ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ನಮ್ಮ ಕಡೆ ಮಷೀನು ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನು ಅದರ ಮೇಲಿನ ಸ್ಟಾರಿಗಿಂತ ಜಾಸ್ತಿ ನೀರೇ ತೀರ್ಮಾನ ಮಾಡುತ್ತದೆ. ಹಾಗಾಗಿ ನೀರಿನ ಮಾತು ಉದ್ದ ಆಗುತ್ತದೆ. ಅದಕ್ಕೂ ಮುಂಚೆ ನಿಮ್ಮ ಮನೆಯವರ ಕರೆಂಟಿನ ಚಿಂತೆ ಮುಗಿಸೋಣ.

ಹಿಂದಿನ ಚೀಟಿಯಲ್ಲಿರುವ 2000 ವ್ಯಾಟ್ ಯಾವಾಗಲೂ ಎಳೆಯುವ ಕರೆಂಟ್ ಅಲ್ಲ. ಒಳಗಿರುವ ನೀರು ಕಾಯಿಸುವ ಹೀಟರ್ ಉರಿಯುವಾಗ ಮಾತ್ರ ಅಷ್ಟು ಬೇಕು. ಡ್ರಮ್ ತಿರುಗಿಸುವ ಮೋಟರಿಗೆ ಕೆಲವು ನೂರು ವ್ಯಾಟ್ ಸಾಕು. ತಣ್ಣೀರಲ್ಲಿ ಒಂದು ಸಲ ಒಗೆದರೆ ಸುಮಾರು ಕಾಲು ಯೂನಿಟ್ಟಿನೊಳಗೆ ಮುಗಿಯುತ್ತದೆ. ಬಿಸಿನೀರಿನ ಲೆಕ್ಕ ನೀವೇ ಹಾಕಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 1.16 ವ್ಯಾಟ್ ಅವರ್ ಬೇಕು, ಸಾವಿರ ವ್ಯಾಟ್ ಅವರ್ ಅಂದರೆ ಒಂದು ಯೂನಿಟ್. ಸಾಬೂನು ಹಾಕಿ ಒಗೆಯುವ ಹೊತ್ತಿನಲ್ಲಿ ಡ್ರಮ್ಮಿನಲ್ಲಿ ಸುಮಾರು 15 ಲೀಟರ್ ನೀರಿದೆ ಅಂತ ಇಟ್ಟುಕೊಳ್ಳಿ. ಅದನ್ನು 28 ಡಿಗ್ರಿಯಿಂದ 40ಕ್ಕೆ ಏರಿಸಲು 0.2 ಯೂನಿಟ್, 60ಕ್ಕೆ ಏರಿಸಲು 0.56 ಯೂನಿಟ್. ಬಟ್ಟೆ, ಡ್ರಮ್ಮು ಕಾಯುವುದು, ಮೋಟರು ಎಲ್ಲ ಸೇರಿದರೆ 40 ಡಿಗ್ರಿಗೆ ಅರ್ಧ ಯೂನಿಟ್, 60 ಡಿಗ್ರಿಗೆ ಹತ್ತಿರ ಹತ್ತಿರ ಒಂದು ಯೂನಿಟ್.

ತಿಂಗಳಿಗೆ 20 ಸಲ ಒಗೆಯುತ್ತೀರಿ ಅನ್ನೋಣ. ಎಲ್ಲ ತಣ್ಣೀರಲ್ಲೇ ಆದರೆ 4ರಿಂದ 5 ಯೂನಿಟ್. ನಿಮ್ಮ ಹಳೆ ಮಷೀನೂ ಸ್ವಲ್ಪ ಕರೆಂಟ್ ತಿನ್ನುತ್ತಿದೆ, ಅದನ್ನು ಕಳೆದರೆ ಮೀಟರಿನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎಲ್ಲವನ್ನೂ 60 ಡಿಗ್ರಿಯಲ್ಲಿ ಒಗೆದರೆ 20 ಯೂನಿಟ್ ಆಗುತ್ತದೆ, 112 ದಾಟುತ್ತೀರಿ. ದಾಟಿದರೂ ಭಯ ಪಡುವಂಥದ್ದಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಮಿತಿ ಮೀರಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್. ನೀವು ಆ ಗೆರೆಯಿಂದ ಬಹಳ ದೂರ ಇದ್ದೀರಿ. ಮನೆಗೆ ಕೂಲರ್ ಬಂದರೆ ಚಿಂತೆ ಮಾಡಿ, ಇದಕ್ಕೆ ಬೇಡ.

ಇನ್ನೊಂದು ಮಾತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಟ್ಯಾಂಕಿನ ನಲ್ಲಿ ಬಿಟ್ಟರೆ ಕೈ ಸುಡುತ್ತದೆ, ಅಲ್ವಾ? ಆ ನೀರು ಮಷೀನಿಗೆ ಹೋಗುವಾಗಲೇ 40 ಡಿಗ್ರಿ ಹತ್ತಿರ ಇರುತ್ತದೆ. ಆಗ 40ಕ್ಕೆ ಇಟ್ಟರೂ ಹೀಟರಿಗೆ ಕೆಲಸವೇ ಇಲ್ಲ. ಚಳಿ ದೇಶದವರು ದುಡ್ಡು ಕೊಟ್ಟು ಕಾಯಿಸುವ ನೀರು ನಮಗೆ ಬಿಸಿಲು ಪುಕ್ಕಟೆ ಕೊಡುತ್ತದೆ. ಬೆವರು, ಎಣ್ಣೆ ಹತ್ತಿದ ಬಟ್ಟೆ ಬೇಸಿಗೆಯಲ್ಲಿ ಮಧ್ಯಾಹ್ನ ಹಾಕಿ. ಬಣ್ಣ ಬಿಡುವ ಬಟ್ಟೆ, ರಕ್ತದ ಕಲೆ, ಹಾಲಿನ ಕಲೆ ಇದ್ದರೆ ಮಾತ್ರ ಬೆಳಗಿನ ತಣ್ಣೀರಿಗೆ.

ಇನ್ವರ್ಟರ್ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ತಪ್ಪು ನಿಮ್ಮದಲ್ಲ, ಹೆಸರು ಇಟ್ಟವರದು. ಮಷೀನಿನ ಇನ್ವರ್ಟರ್ ಅಂದರೆ ಮೋಟರಿನ ವೇಗವನ್ನು ಬೇಕಾದಷ್ಟೇ ಏರಿಸಿ ಇಳಿಸುವ ಒಂದು ಸರ್ಕ್ಯೂಟ್. ಸದ್ದು ಕಡಿಮೆ, ಕರೆಂಟ್ ಕಡಿಮೆ, ಸವೆಯುವ ಕಾರ್ಬನ್ ಬ್ರಶ್ ಇರುವುದಿಲ್ಲ. ಒಳ್ಳೆಯದೇ, ಅಂಥದ್ದನ್ನೇ ತೆಗೆದುಕೊಳ್ಳಿ. ಬ್ಯಾಟರಿ ಇಟ್ಟು ಫ್ಯಾನು ಲೈಟು ಓಡಿಸುವ ನಿಮ್ಮ ಮನೆಯ ಇನ್ವರ್ಟರಿಗೂ ಇದಕ್ಕೂ ಸಂಬಂಧ ಇಲ್ಲ. ಅದರ ಮೇಲೆ ಹೀಟರ್ ಉರಿದರೆ ಮನೆ ಇನ್ವರ್ಟರ್ ಟ್ರಿಪ್ ಆಗುತ್ತದೆ. ಕರೆಂಟ್ ಹೋದರೆ ಸುಮ್ನೆ ಬಿಡಿ. ಕರೆಂಟ್ ವಾಪಸ್ ಬಂದಾಗ ಈಗಿನ ಹೆಚ್ಚಿನ ಮಷೀನುಗಳು ನಿಲ್ಲಿಸಿದಲ್ಲಿಂದಲೇ ಶುರು ಮಾಡುತ್ತವೆ. ಬಾಗಿಲು ಎಳೆದಾಡಬೇಡಿ, ಒಳಗೆ ನೀರಿರುತ್ತದೆ.

ಈಗ ನೀರು.

ಸವಳು ನೀರು ಅಂತ ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಅದರೊಳಗೆ ಎರಡು ಬೇರೆ ಸಂಗತಿ ಇವೆ. ಒಂದು, ನೀರಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ. ಟಿಡಿಎಸ್ ಅನ್ನುವುದು ಇದನ್ನೇ. ಎರಡು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅನ್ನುವುದು. ಇದು ಗಡಸುತನ. ಬಟ್ಟೆಗೆ, ಮಷೀನಿಗೆ ತೊಂದರೆ ಕೊಡುವುದು ಎರಡನೆಯದು. ಫಿಲ್ಟರ್ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸಿ ಹೆದರಿಸುತ್ತಾರೆ. ಆ ಮೀಟರಿಗೆ ಗಡಸುತನ ಗೊತ್ತಾಗುವುದಿಲ್ಲ. ನಿಮ್ಮ ಅಡುಗೆಮನೆಗೆ ಗೊತ್ತಾಗುತ್ತದೆ. ಬೋರ್ ನೀರಲ್ಲಿ ತೊಗರಿಬೇಳೆ ಬೇಯದೆ ಸತಾಯಿಸಿದರೆ, ಹಂಡೆಯ ತಳದಲ್ಲಿ ಸುಣ್ಣದಂಥ ಚಕ್ಕೆ ಎದ್ದರೆ, ಅದು ಗಡಸು ನೀರು. ಸರಿಯಾದ ಅಂಕಿ ಬೇಕಿದ್ದರೆ ಜಿಲ್ಲಾ ಮಟ್ಟದ ನೀರು ಪರೀಕ್ಷೆಯ ಲ್ಯಾಬಿಗೆ ಒಂದು ಬಾಟಲಿ ಕೊಡಿ. ಇಲ್ಲವೆಂದರೆ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಮಷೀನಿಗೂ ಅದನ್ನೇ ಗುರುತಾಗಿ ಇಟ್ಟುಕೊಳ್ಳಿ. 200ರೊಳಗೆ ತಲೆ ಕೆಡಿಸಿಕೊಳ್ಳಬೇಡಿ. 600ರ ಮೇಲೆ ಏನೂ ಮಾಡದೆ ಬಿಸಿನೀರಲ್ಲಿ ಒಗೆದರೆ ಪಕ್ಕದ ಮನೆಯವರು ಹೇಳಿದ ಎರಡು ವರ್ಷದ ಮಾತು ನಿಜವಾದರೂ ಆದೀತು.

'ಬಿಸಿನೀರಲ್ಲಿ ಒಗೆದರೆ' ಅಂದದ್ದನ್ನು ಗಮನಿಸಿ. ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಯಿಸಿದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನುವ ಸುಣ್ಣದಂಥ ಪದರಾಗಿ ಅಂಟುತ್ತದೆ. ಎಲ್ಲಕ್ಕಿಂತ ಬಿಸಿ ಇರುವುದು ಹೀಟರಿನ ಕಾಯಿಲ್, ಹಾಗಾಗಿ ಮೊದಲ ಪದರು ಅಲ್ಲೇ. ಪದರು ದಪ್ಪವಾದ ಹಾಗೆ ಕಾಯಿಲಿನ ಬಿಸಿ ನೀರಿಗೆ ದಾಟುವುದಿಲ್ಲ. ಒಳಗೊಳಗೇ ಕಾದು ಸುಟ್ಟುಹೋಗುತ್ತದೆ, ಕೆಲವೊಮ್ಮೆ ಅರ್ಥ್ ಹೊಡೆದು ಮನೆಯ ಟ್ರಿಪ್ಪರ್ ಬೀಳುತ್ತದೆ. ಸಿಂಧನೂರಿನ ಹತ್ತಿರ ಒಂದು ಮನೆಯಲ್ಲಿ ನಾನು ತೆಗೆದ ಕಾಯಿಲ್ ಬೆರಳಿನಷ್ಟು ದಪ್ಪ ಆಗಿತ್ತು. ಮಗು ಹುಟ್ಟಿದೆ ಅಂತ ದಿನಾ ಬೋರ್ ನೀರಲ್ಲಿ 90 ಡಿಗ್ರಿ ಓಡಿಸಿದ್ದರು. ಅದೇ ಓಣಿಯಲ್ಲಿ ತಣ್ಣೀರಲ್ಲೇ ಒಗೆಯುವವರ ಮನೆಯ ಕಾಯಿಲ್ ಆರು ವರ್ಷದ ಮೇಲೂ ಹೊಳೆಯುತ್ತಿತ್ತು. ಕಾಲುವೆ ಸೀಮೆಯಲ್ಲೂ ಬೋರ್ ಬೋರೇ.

ಅಂದರೆ ಗಡಸು ನೀರು ಫ್ರಂಟ್ ಲೋಡನ್ನು ನೇರವಾಗಿ ಕೊಲ್ಲುವುದಿಲ್ಲ. ಗಡಸು ನೀರನ್ನು ಅದರೊಳಗೆ ಕುದಿಸುವುದು ಕೊಲ್ಲುತ್ತದೆ. ತಣ್ಣೀರಿನಲ್ಲಿ ಆಗುವ ತೊಂದರೆ ಬೇರೆ. ಸಾಬೂನಿನ ಪುಡಿಯ ಒಂದು ಪಾಲನ್ನು ಕ್ಯಾಲ್ಸಿಯಂ ನುಂಗಿಬಿಡುತ್ತದೆ, ಕೊಳೆಗೆ ಉಳಿಯುವುದು ಕಡಿಮೆ. ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಟವಲ್ ಒರಟಾಗುತ್ತದೆ. ಇದು ಕಲ್ಲಿನ ಮೇಲೆ ಕೈಯಲ್ಲಿ ಒಗೆದಾಗಲೂ ಆಗುವುದೇ, ಮಷೀನಿನ ತಲೆಗೆ ಕಟ್ಟಬೇಡಿ.

ಇದಕ್ಕೆ ಏನು ಮಾಡಬಹುದು? ಬಹಳ ಜನ ಮಾಡುವುದು, ಮಷೀನಿನ ಪೈಪಿಗೆ ಹಾಕುವ ಚಿಕ್ಕ ಫಿಲ್ಟರ್. ಒಳಗೆ ಕಲ್ಲುಸಕ್ಕರೆಯಂಥ ಪಾಲಿಫಾಸ್ಫೇಟ್ ಹರಳು ಇರುತ್ತವೆ. ಇದು ಗಡಸುತನ ತೆಗೆಯುವುದಿಲ್ಲ, ಸುಣ್ಣ ಅಂಟದ ಹಾಗೆ ತಡೆಯುತ್ತದೆ, ಅದೂ ನೀರು ತೀರಾ ಬಿಸಿ ಇಲ್ಲದಿದ್ದರೆ. ಹರಳು ಕರಗಿ ಮುಗಿದ ಮೇಲೆ ಖಾಲಿ ಡಬ್ಬಿ. ನಾನು ನೋಡಿದ ಹತ್ತು ಮನೆಯಲ್ಲಿ ಎಂಟರಲ್ಲಿ ಖಾಲಿ ಡಬ್ಬಿಯೇ ನೇತಾಡುತ್ತಿರುತ್ತದೆ. ಎರಡನೆಯದು ಉಪ್ಪು ಹಾಕುವ ಸಾಫ್ಟನರ್. ಇದರೊಳಗಿನ ರೆಸಿನ್ ಅನ್ನುವ ಸಣ್ಣ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ, ಗಡಸುತನ ನಿಜವಾಗಿಯೂ ಇಳಿಯುತ್ತದೆ. ಟಿಡಿಎಸ್ ಇಳಿಯುವುದಿಲ್ಲ, ಮೀಟರ್ ಅದ್ದಿ ನೋಡಿ ಮೋಸ ಆಯಿತು ಅನ್ನಬೇಡಿ. ಆಗಾಗ ಉಪ್ಪುನೀರು ಹಾಯಿಸಿ ರೆಸಿನ್ ತೊಳೆಯಬೇಕು, ಆ ನೀರನ್ನು ಗಿಡಕ್ಕೆ ಬಿಡಬಾರದು. ಗಡಸುತನ 600 ಮೀರಿದರೆ ನಾನು ಹೇಳುವುದು ಇದನ್ನೇ. ಪೈಪಿಗೆ ಕಟ್ಟುವ ಆಯಸ್ಕಾಂತಕ್ಕೆ ದುಡ್ಡು ಹಾಕಬೇಡಿ. ಅದರಿಂದ ಉಳಿದ ಕಾಯಿಲನ್ನು ನಾನು ಇನ್ನೂ ನೋಡಿಲ್ಲ.

ಖರ್ಚಿಲ್ಲದ ದಾರಿಯೂ ಇದೆ. ನಿಮ್ಮ ಊರಿಗೆ ನಲ್ಲಿಯಲ್ಲಿ ಹೊಳೆ ನೀರು ಬರುವುದಾದರೆ, ಎಷ್ಟು ದಿನಕ್ಕೊಮ್ಮೆ ಬಂದರೂ ಸರಿ, ಮಷೀನಿನ ಪೈಪಿಗೆ ಎರಡು ಕಡೆಯ ಟೀ ವಾಲ್ವ್ ಹಾಕಿಸಿ. ಬಿಸಿನೀರಲ್ಲಿ ಒಗೆಯುವ ದಿನ ಹೊಳೆ ನೀರು, ಉಳಿದ ದಿನ ಬೋರ್ ನೀರು. ತುಂಗಭದ್ರೆಯ ನೀರು ನಮ್ಮ ಬೋರುಗಳ ಎದುರು ಬಹಳ ಮೆತ್ತಗೆ. ಆರ್‌ಓ ಫಿಲ್ಟರಿನಿಂದ ಹೊರಗೆ ಬೀಳುವ ನೀರನ್ನು ಮಷೀನಿಗೆ ಸುರಿದು ಉಳಿತಾಯ ಮಾಡುವವರೂ ಇದ್ದಾರೆ. ಅದು ಬೋರ್ ನೀರಿಗಿಂತಲೂ ಗಡಸು, ನೆಲ ಒರೆಸಲು ಇಟ್ಟುಕೊಳ್ಳಿ.

ಯಾವ ದಾರಿ ಹಿಡಿದರೂ ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಅದರ ಜೊತೆ ಬ್ಲೀಚ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಬಚ್ಚಲು ತೊಳೆಯುವ ಆಸಿಡ್ ಅಂತೂ ಮಷೀನಿನ ಹತ್ತಿರಕ್ಕೂ ತರಬೇಡಿ. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕೈಯ ಚೌಕಟ್ಟು ಸಾಮಾನ್ಯವಾಗಿ ಅಲ್ಯೂಮಿನಿಯಂನದು, ತಿಂದುಹಾಕುತ್ತದೆ.

ನಾದಿನಿಯವರ ಮಷೀನಿನ ವಾಸನೆಗೆ ನೀರು ಕಾರಣ ಆಗಿರಲಿಕ್ಕಿಲ್ಲ. ಎರಡು ಪ್ರಶ್ನೆ ಕೇಳಿ ನೋಡಿ. ಒಗೆದ ಮೇಲೆ ಬಾಗಿಲು ಮುಚ್ಚಿಡುತ್ತಾರಾ? ಬಕೆಟ್ಟಿಗೆ ಹಾಕುವ ಮಾಮೂಲಿ ಪುಡಿ ಹಾಕುತ್ತಾರಾ? ಎರಡಕ್ಕೂ ಹೌದು ಅಂದರೆ ಉತ್ತರ ಸಿಕ್ಕಿತು. ಮಾಮೂಲಿ ಪುಡಿ ನೊರೆ ಜಾಸ್ತಿ ಮಾಡುತ್ತದೆ. ಫ್ರಂಟ್ ಲೋಡಿನಲ್ಲಿ ನೀರು ಕಡಿಮೆ, ಆ ನೊರೆ ಪೂರ್ತಿ ಜಾಲಿಸಿ ಹೋಗುವುದಿಲ್ಲ. ಬಾಗಿಲ ರಬ್ಬರಿನ ಮಡಿಕೆಯಲ್ಲಿ ಕೂತು ಲೋಳೆಯಾಗಿ ಬೂಸಲು ಹಿಡಿಯುತ್ತದೆ. ನೊರೆ ಜಾಸ್ತಿ ಇದ್ದರೆ ಬಟ್ಟೆ ಎತ್ತಿ ಬೀಳುವ ಪೆಟ್ಟೂ ತಗ್ಗುತ್ತದೆ, ಕೊಳೆ ಹೋಗುವುದಿಲ್ಲ. ಫ್ರಂಟ್ ಲೋಡಿಗೆ ಅಂತ ಬರೆದ ಪುಡಿ ಅಥವಾ ಲಿಕ್ವಿಡ್ ಹಾಕಿ, ರಬ್ಬರಿನ ಮಡಿಕೆ ಒರೆಸಿ, ಬಾಗಿಲು ತೆರೆದಿಡಿ. ನಮ್ಮ ಒಣ ಹವೆಯಲ್ಲಿ ಅದು ಅರ್ಧ ದಿನದಲ್ಲಿ ಒಣಗುತ್ತದೆ. ಕೆಳಗಿನ ಪುಟ್ಟ ಬಾಗಿಲ ಹಿಂದಿನ ಫಿಲ್ಟರನ್ನು ತಿಂಗಳಿಗೊಮ್ಮೆ ತಿರುಗಿಸಿ ತೆಗೆಯಿರಿ. ಚಿಲ್ಲರೆ, ಹೇರ್‌ಪಿನ್ನು, ಗುಂಡಿ, ಒಮ್ಮೆ ನನಗೆ ಬಂಗಾರದ ಮೂಗುಬೊಟ್ಟು ಸಿಕ್ಕಿದ್ದೂ ಅಲ್ಲೇ.

ನಿಮ್ಮ ನಿಜವಾದ ಕಷ್ಟ ಮನೆಯವರ ಫ್ಯಾಕ್ಟರಿ ಬಟ್ಟೆ. ಇಲ್ಲಿ ನಾನು ಅಂಗಡಿಯವರಿಗೆ ಪೂರ್ತಿ ಎದುರು. ಹಳೆಯ ಸೆಮಿ ಆಟೊಮ್ಯಾಟಿಕ್ಕನ್ನು 1,500ಕ್ಕೆ ಕೊಡಬೇಡಿ.

ಅದಿರಿನ ಕೆಂಪು ಧೂಳು ಅಂದರೆ ಕಬ್ಬಿಣದ ಆಕ್ಸೈಡಿನ ಸಣ್ಣ ಪುಡಿ. ನೀರಲ್ಲಿ ಕರಗುವುದಿಲ್ಲ. ಮರಳಿನ ಹಾಗೆ ಉಜ್ಜುತ್ತದೆ. ಫ್ರಂಟ್ ಲೋಡಿನ ಕಡಿಮೆ ನೀರಿನಲ್ಲಿ ಅದು ಒಂದು ಬಟ್ಟೆಯಿಂದ ಇನ್ನೊಂದಕ್ಕೆ ಹತ್ತುತ್ತದೆ, ರಬ್ಬರಿನ ಮಡಿಕೆಯಲ್ಲಿ ಕೂರುತ್ತದೆ, ಪಂಪಿಗೆ ಹೋಗುತ್ತದೆ. ಅದರ ಜೊತೆ ಮಕ್ಕಳ ಬಿಳಿ ಯೂನಿಫಾರ್ಮ್ ಹಾಕಿದರೆ ಅದೂ ಕೆಂಪಗೆ. ಸೆಮಿ ಆಟೊಮ್ಯಾಟಿಕ್ಕಿನಲ್ಲಾದರೆ ತೊಟ್ಟಿ ತುಂಬ ನೀರು ಬಿಟ್ಟು ಐದು ನಿಮಿಷ ತಿರುಗಿಸಿ, ಕೆಂಪು ನೀರು ಚೆಲ್ಲಿ, ಮತ್ತೊಮ್ಮೆ ತಿರುಗಿಸಬಹುದು. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮಷೀನು ಇಲ್ಲ. ಮೊದಲು ಬಟ್ಟೆಯನ್ನು ಅಂಗಳದಲ್ಲಿ ಚೆನ್ನಾಗಿ ಜಾಡಿಸಿ. ಒಣ ಧೂಳು ಒಣಗಿರುವಾಗಲೇ ಹೋಗಬೇಕು. ಆಮೇಲೆ ಬರೀ ನೀರಲ್ಲಿ ಎರಡು ಸುತ್ತು. ಬೇಕಾದರೆ ಆ ತೊಟ್ಟಿಯ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ಗಡಸುತನ ಸ್ವಲ್ಪ ಮುರಿಯುತ್ತದೆ. ಅಲ್ಲಿಂದ ಬೇಕಾದರೆ ಫ್ರಂಟ್ ಲೋಡಿಗೆ, ಬೇಡವಾದರೆ ಅಲ್ಲೇ ಮುಗಿಸಿ. ತುಕ್ಕಿನ ಕಲೆಗೆ ಬ್ಲೀಚ್ ಹಾಕಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ, ಉಪ್ಪು ಸವರಿ ಬಿಸಿಲಿಗೆ ಇಡಿ, ನಿಮ್ಮ ಅತ್ತೆಯವರಿಗೆ ಇದು ಗೊತ್ತಿರುತ್ತದೆ. ಕಪ್ಪು ಮಸಿ ಎಣ್ಣೆಯ ಜೊತೆ ಸೇರಿದ್ದರೆ ಮಾತ್ರ ಬಿಸಿನೀರು, ಹೆಚ್ಚು ಹೊತ್ತು, ಜಾಸ್ತಿ ಪುಡಿ ಬೇಕು. ಕೊಳೆ ತೆಗೆಯುವುದು ನಾಲ್ಕು ಸಂಗತಿ ಸೇರಿ ಅಂತ ಸಿನ್ನರ್ ಅನ್ನುವ ಜರ್ಮನ್ ರಸಾಯನ ತಜ್ಞ 1959ರಲ್ಲೇ ಚಿತ್ರ ಬರೆದು ತೋರಿಸಿದ್ದ. ಹೊತ್ತು, ಬಿಸಿ, ಉಜ್ಜಾಟ, ಸಾಬೂನು. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಏರಿಸಲೇಬೇಕು. 15 ನಿಮಿಷದ ಕ್ವಿಕ್ ವಾಷ್‌ಗೆ ಫ್ಯಾಕ್ಟರಿ ಪ್ಯಾಂಟು ಹಾಕಿ ಬೈಯುವವರಿಗೆ ನಾನು ಇದನ್ನೇ ಹೇಳುವುದು. ಅದು ಒಂದೆರಡು ಕೆಜಿ ಬೆವರು ಬಟ್ಟೆಗೆ ಅಷ್ಟೇ.

ಈಗ ಯಾವ ಮಷೀನು ಅನ್ನುವುದು ಬಹಳ ಸುಲಭ. ಕಿಲೋ ಅಂದರೆ ಒಣಗಿದ ಹತ್ತಿ ಬಟ್ಟೆಯ ತೂಕ. ಒಂದು ಜೀನ್ಸ್ ಪ್ಯಾಂಟು ಮುಕ್ಕಾಲು ಕೆಜಿ ಹತ್ತಿರ, ಡಬಲ್ ಬೆಡ್‌ಶೀಟ್ ಒಂದು ಕೆಜಿ ಆಸುಪಾಸು, ಹತ್ತಿ ಸೀರೆ ಅರ್ಧ ಕೆಜಿ. ಫ್ಯಾಕ್ಟರಿ ಬಟ್ಟೆ ಬೇರೆ ಹೋದ ಮೇಲೆ ಐದು ಜನರಿಗೆ 7 ಕೆಜಿ ಸಾಕು, ಕೌದಿ ಇದೆ ಅನ್ನುವ ಕಾರಣಕ್ಕೆ 8 ತೆಗೆದುಕೊಳ್ಳಿ. 9 ಬೇಡ. ಅರ್ಧ ಡ್ರಮ್ಮು ಓಡಿಸುವ ಅಭ್ಯಾಸ ಆಗುತ್ತದೆ, ಅಲ್ಲಿ ನೀರೂ ಕರೆಂಟೂ ದಂಡ. ಬಟ್ಟೆ ತುಂಬಿದ ಮೇಲೆ ಮೇಲ್ಗಡೆ ಒಂದು ಗೇಣು ಜಾಗ ಇರಬೇಕು, ಅದೇ ಅಳತೆ.

ಆರ್‌ಪಿಎಂ ಜಾಸ್ತಿ ಇದ್ದರೆ ಬಟ್ಟೆ ಜಾಸ್ತಿ ಸ್ವಚ್ಛ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಕೊನೆಗೆ ಹಿಂಡುವ ವೇಗ ಅಷ್ಟೇ. ಮಂಗಳೂರಲ್ಲಿ ಜೂನ್ ತಿಂಗಳು ಬಟ್ಟೆ ಒಣಗಿಸುವವರಿಗೆ 1400 ಬೇಕು. ಬಳ್ಳಾರಿ ಬಿಸಿಲಿಗೆ 1000 ಸಾಕು, 1200 ಇದ್ದರೆ ಬೇಡ ಅನ್ನುವುದಿಲ್ಲ. ವೇಗ ಏರಿದಷ್ಟೂ ಸುಕ್ಕು, ಬೇರಿಂಗಿನ ಸವೆತ ಎರಡೂ ಜಾಸ್ತಿ. ಒಣಗಿಸಿಯೂ ಕೊಡುವ ಡ್ರೈಯರ್ ಮಷೀನು ನಮ್ಮ ಸೀಮೆಗೆ ಮಾರುವುದು ಅಂದರೆ ಹಂಪಿಗೆ ಕಲ್ಲು ಹೊತ್ತ ಹಾಗೆ. ಸ್ಟೀಮ್ ಇದ್ದರೆ ಒಳ್ಳೆಯದಾ? ಗಡಸು ನೀರಿನ ಊರಲ್ಲಿ ಹೀಟರಿಗೆ ಇನ್ನಷ್ಟು ಕೆಲಸ. ಮುಂದೆ ಹೋಗೋಣ.

ಸ್ಟಾರ್ ನೋಡಿ, ಆದರೆ ಎಣಿಸಿ ಸುಮ್ಮನಾಗಬೇಡಿ. ಸ್ಟಾರ್ ಕೊಡುವ ಸರ್ಕಾರಿ ಸಂಸ್ಥೆ ಬಿಇಇಯ ಚೀಟಿಯ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಕೆಜಿ ಬಟ್ಟೆ ಒಂದು ಸಲ ಒಗೆಯಲು ಎಷ್ಟು ಯೂನಿಟ್, ಎಷ್ಟು ಲೀಟರ್ ನೀರು. ಎರಡು ಮಷೀನನ್ನು ಪಕ್ಕಪಕ್ಕ ಇಟ್ಟು ಈ ಅಂಕಿ ಹೋಲಿಸಿ. ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸುವ ಮನೆಗೆ ಯೂನಿಟ್ಟಿಗಿಂತ ಲೀಟರೇ ಮುಖ್ಯ. ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡಿಗೂ ಫ್ರಂಟ್ ಲೋಡಿಗೂ ದೊಡ್ಡ ಅಂತರ ಇರುವುದು ಇಲ್ಲೇ. ಅದೇ ಬಟ್ಟೆಗೆ ಟಾಪ್ ಲೋಡು ಸುಮಾರು ಎರಡರಷ್ಟು ನೀರು ಕುಡಿಯುತ್ತದೆ.

ಹಾಗಂತ ಟಾಪ್ ಲೋಡ್ ಕೆಟ್ಟದ್ದಲ್ಲ. ನಿಮ್ಮ ಬೋರಿನಲ್ಲಿ ನೀರು ಧಾರಾಳ ಇದ್ದು, ಸಾಫ್ಟನರಿಗೆ ಮನಸ್ಸಿಲ್ಲದಿದ್ದು, ಬಿಸಿನೀರಿನ ಆಸೆಯೂ ಇಲ್ಲದಿದ್ದರೆ ಹೀಟರ್ ಇಲ್ಲದ ಟಾಪ್ ಲೋಡ್ ಗಡಸು ನೀರಲ್ಲಿ ಕಡಿಮೆ ತಂಟೆಯದು. ಬೆಲೆಯೂ ಕಡಿಮೆ, ಬಗ್ಗುವುದೂ ಬೇಡ. ಬಟ್ಟೆ ಹೊಸೆದುಕೊಂಡು ಬೇಗ ಸವೆಯುತ್ತದೆ, ಕೊಳೆ ತೆಗೆಯುವುದರಲ್ಲಿ ಒಂದು ಮೆಟ್ಟಿಲು ಕೆಳಗೆ. ಈ ಬೆಲೆಗೆ ಈ ಕೊರತೆ ಒಪ್ಪುವವರಿಗೆ ನಾನೇ ಕೊಡಿಸಿದ್ದೇನೆ. ನಿಮ್ಮ ಮನೆಗೆ ನನ್ನ ಸಲಹೆ 8 ಕೆಜಿ ಫ್ರಂಟ್ ಲೋಡ್, ಇನ್ವರ್ಟರ್ ಮೋಟರ್, 1000 ಅಥವಾ 1200 ಆರ್‌ಪಿಎಂ, ತಣ್ಣೀರಿನ ಆಯ್ಕೆ ಪ್ರತಿ ಪ್ರೋಗ್ರಾಮಿನಲ್ಲೂ ಇರುವಂಥದ್ದು. ಅಂಗಡಿಯಲ್ಲಿ ಬಟನ್ ಒತ್ತಿಸಿ ನೋಡಿ, ಕೆಲವು ಪ್ರೋಗ್ರಾಮ್ ತಣ್ಣೀರಿಗೆ ಇಳಿಯುವುದೇ ಇಲ್ಲ. 35 ಸಾವಿರದೊಳಗೆ ಸಿಗುತ್ತದೆ. ಉಳಿದ ದುಡ್ಡು ನೀರು ಸರಿಮಾಡಲು ಹಾಕಿ.

ಬ್ರ್ಯಾಂಡಿನ ಹೆಸರು ಹೇಳುವುದಿಲ್ಲ. ಅದಕ್ಕಿಂತ ಉಪಯೋಗದ ಎರಡು ಪ್ರಶ್ನೆ ಕೊಡುತ್ತೇನೆ. ಈ ಕಂಪನಿಯ ಮೆಕ್ಯಾನಿಕ್ ಯಾವ ಊರಿಂದ ಬರುತ್ತಾನೆ? ಬಳ್ಳಾರಿ, ಹೊಸಪೇಟೆಯಿಂದ ಅಂದರೆ ಸರಿ. ಹುಬ್ಬಳ್ಳಿಯಿಂದ ಅಂದರೆ ಯೋಚನೆ ಮಾಡಿ. ಎರಡನೆಯದು, ಬೇರಿಂಗ್ ಹೋದರೆ ಬೇರಿಂಗ್ ಮಾತ್ರ ಹಾಕಲು ಬರುತ್ತದಾ, ಇಲ್ಲಾ ಟಬ್ ಪೂರ್ತಿ ಬದಲಿಸಬೇಕಾ? ಈಗ ಬಹಳಷ್ಟು ಟಬ್ಬುಗಳನ್ನು ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಮೋಟರಿಗೆ ಹತ್ತು ವರ್ಷ ವಾರಂಟಿ ಅಂತ ದೊಡ್ಡದಾಗಿ ಬರೆದಿರುತ್ತದೆ. ಸಾಮಾನ್ಯವಾಗಿ ಕೆಡುವುದು ಮೋಟರ್ ಅಲ್ಲ. ಬೇರಿಂಗ್, ಬೋರ್ಡು, ಹೀಟರ್, ಪಂಪು. ಅವಕ್ಕೆ ಎಷ್ಟು ವರ್ಷ ಅಂತ ಕೇಳಿ.

ಮನೆಯಲ್ಲಿ ನೋಡಬೇಕಾದದ್ದು ಕೆಲವು ಇವೆ. ಮಷೀನನ್ನು ಟ್ಯಾಂಕ್ ಇರುವ ಮಹಡಿಯಲ್ಲೇ ಇಡುತ್ತೀರಾದರೆ ನೀರಿನ ಒತ್ತಡ ಸಾಲದು. ಬಹಳಷ್ಟು ಮಷೀನುಗಳು ಕಡಿಮೆ ಅಂದರೂ 0.3 ಬಾರ್ ಕೇಳುತ್ತವೆ. ಮಷೀನಿನ ಪೈಪಿನಿಂದ ಟ್ಯಾಂಕಿನ ತಳಕ್ಕೆ ಹತ್ತು ಅಡಿ ಎತ್ತರ ಇದ್ದರೆ ಅಷ್ಟು ಬರುತ್ತದೆ. ಕೆಳಮನೆಯಲ್ಲಿಟ್ಟರೆ ಚಿಂತೆ ಇಲ್ಲ. ಪೈಪಿನ ತುದಿಯ ಸಣ್ಣ ಜಾಲರಿಯಲ್ಲಿ ಬೋರಿನ ಮರಳು ಕೂರುತ್ತದೆ, ಆಗಾಗ ತೊಳೆಯಿರಿ. 16 ಆಂಪಿಯರ್ ದೊಡ್ಡ ಪ್ಲಗ್ಗು ಬೇಕೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಅರ್ಥಿಂಗ್ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ನಮ್ಮ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥ್ ಗುಂಡಿಯೂ ಒಣಗುತ್ತದೆ. ಏಪ್ರಿಲ್‌ನಲ್ಲಿ ಡ್ರಮ್ ಮುಟ್ಟಿದರೆ ಜುಮ್ಮೆನ್ನುತ್ತದೆ ಅಂತ ಫೋನು ಬಂದರೆ ನಾನು ಮೊದಲು ಹೇಳುವುದು, ಪ್ಲಗ್ ಕೀಳಿ, ಗುಂಡಿಗೆ ನಾಲ್ಕು ಕೊಡ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಯಿರಿ. ಅವರು ನೋಡಿ ಸರಿ ಅನ್ನುವವರೆಗೆ ಮಷೀನು ಹಾಕಬೇಡಿ. ಬಿಸಿಲು ನೇರ ಬೀಳುವ ಮಾಳಿಗೆ ಮೇಲೂ ಇಡಬೇಡಿ, ಬೋರ್ಡು ರಬ್ಬರು ಎರಡೂ ಹಾಳು. ತಳ ತೆರೆದಿದ್ದರೆ ಇಲಿ ನುಗ್ಗಿ ವೈರ್ ಕಡಿಯುತ್ತದೆ. ತಗಡಿನ ತಳ ಹಾಕಿಸಿ, ಇಲಿ ಕಡಿದದ್ದಕ್ಕೆ ವಾರಂಟಿ ಕೊಡುವವರು ಅಪರೂಪ.

ಮಷೀನು ತಂದ ದಿನ ಹಿಂಬದಿಯ ಸಾಗಣೆ ಬೋಲ್ಟುಗಳನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಲಾರಿಯಲ್ಲಿ ಡ್ರಮ್ ಅಲ್ಲಾಡದಿರಲಿ ಅಂತ ಹಾಕಿದ್ದು. ಕೊಪ್ಪಳದ ಒಂದು ಮನೆಯಲ್ಲಿ ಮಷೀನು ಸ್ಪಿನ್ನಿಗೆ ಬಂದರೆ ಬಚ್ಚಲಿನಿಂದ ಅಡುಗೆಮನೆ ಬಾಗಿಲವರೆಗೆ ನಡೆಯುತ್ತಿತ್ತು. ಮಾಲು ಸರಿ ಇಲ್ಲ ಅಂತ ಎರಡು ಸಲ ಬದಲಿಸಿದ್ದರಂತೆ. ಮೂರನೆಯದರಲ್ಲೂ ಬೋಲ್ಟು ಹಾಗೇ ಇದ್ದವು. ಬಿಚ್ಚಿದ ಬೋಲ್ಟು ಎಸೆಯಬೇಡಿ, ಮನೆ ಬದಲಿಸುವಾಗ ಬೇಕಾಗುತ್ತವೆ.

ಅತ್ತೆಯವರ ಕೌದಿಗೆ ಬರೋಣ. ಮೊದಲು ಒಣಗಿರುವಾಗ ತೂಗಿ. ಹಳೆ ಸೀರೆ ಪದರು ಪದರು ಸೇರಿಸಿ ಹೊಲಿದದ್ದು ಎರಡರಿಂದ ನಾಲ್ಕು ಕೆಜಿ ಬರುತ್ತದೆ. 8 ಕೆಜಿ ಮಷೀನಿಗೆ ಒಂದೇ ಕೌದಿ, ಜೊತೆಗೆ ಒಂದೆರಡು ಟವಲ್. ಒಂದೇ ಭಾರದ ಬಟ್ಟೆ ಒಂದು ಕಡೆ ಕೂತರೆ ಮಷೀನು ಸ್ಪಿನ್ ಮಾಡಲು ಒಪ್ಪುವುದಿಲ್ಲ, ಟವಲ್ ಇದ್ದರೆ ತೂಕ ಹಂಚಿಕೆಯಾಗುತ್ತದೆ. ತಣ್ಣೀರು, ಕಡಿಮೆ ಪುಡಿ, ಜಾಲಿಸುವುದು ಒಂದು ಸಲ ಹೆಚ್ಚು, ಸ್ಪಿನ್ 600 ಅಥವಾ 800. ಹೊಸದಾಗಿ ಹೊಲಿದ ಕೌದಿಯ ಕೆಂಪು, ಹಸಿರು ತುಂಡು ಬಣ್ಣ ಬಿಡಬಹುದು. ಒಂದು ಮೂಲೆಯನ್ನು ಬಿಳಿ ಬಟ್ಟೆಯಲ್ಲಿ ಒದ್ದೆ ಮಾಡಿ ಉಜ್ಜಿ ನೋಡಿ. ಹೊಲಿಗೆ ಬಿಚ್ಚಿದ ಕಡೆ ಮೊದಲು ನಾಲ್ಕು ಹೊಲಿಗೆ ಹಾಕಲು ಅತ್ತೆಯವರಿಗೇ ಹೇಳಿ. ಕಂಬಳಿ, ರೇಷ್ಮೆ ಸೆರಗಿನ ಇಳಕಲ್ ಸೀರೆ ಇವೆರಡನ್ನು ಮಾತ್ರ ಮಷೀನಿಗೆ ಹಾಕಬೇಡಿ, ಅತ್ತೆಯವರು ಒಪ್ಪಿದರೂ.